ಪ್ರಾರ್ಥನಾ ಪತ್ರದಲ್ಲಿ ಬರೆಯದ್ದು

ಮುಲಾಂಜೆ ಜಿಲ್ಲೆ, ಮಲಾವಿ
ಜುಲೈ 2025

ಪ್ರೀತಿಯ ಪುಟ್ಟಿ,

ಹೋದ ಭಾನುವಾರ ಫೋನಿನಲ್ಲಿ ನೀನು ಅಂದಿದ್ದು ಇನ್ನೂ ಕಿವಿಯಲ್ಲೇ ಇದೆ. "ಮಮ್ಮಿ, ನಿಮ್ಮ ಪ್ರಾರ್ಥನಾ ಪತ್ರ ನನಗೂ ವಾಟ್ಸಾಪಿನಾಗ ಬರ್ತದ. ಅದ್ರಾಗ ಇರೋ ಮಮ್ಮಿ ಯಾರೋ ನನಗ ಗೊತ್ತಿಲ್ಲ." ನಾನು ನಕ್ಕುಬಿಟ್ಟೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು, ಹಿಂದೆಯೇ ಕರೆಂಟೂ ಹೋಯಿತು. ಕತ್ತಲೆಯಲ್ಲಿ ಕೂತಾಗ ನಗು ಉಳಿಯಲಿಲ್ಲ.

ನಮಗೆ ಹಣ ಕಳಿಸುವವರಿಗೆ ಹೋಗುವ ಆ ಪತ್ರ ಬರೆಯುವವಳು ನಾನೇ. ಪ್ರತಿ ತಿಂಗಳು ಎರಡು ಪುಟ, ಮೇಲೊಂದು ವಚನ, ಕೆಳಗೆ ನಾಲ್ಕು ಪ್ರಾರ್ಥನಾ ವಿಷಯ, ನಡುವೆ ನಾನು ಮಗುವನ್ನು ಎತ್ತಿಕೊಂಡ ಫೋಟೋ. ಅದರ ಜೊತೆಗೆ ನಮ್ಮನ್ನು ಇಲ್ಲಿಗೆ ಕಳಿಸಿದವರಿಗೆ ಒಂದು ಫಾರಂ ತುಂಬಬೇಕು. ಎಷ್ಟು ಮನೆ ಭೇಟಿ, ಎಷ್ಟು ಜನ ವಾಕ್ಯ ಕೇಳಿದರು, ಎಷ್ಟು ಜನ ಕ್ರಿಸ್ತನನ್ನು ಒಪ್ಪುವ ನಿರ್ಧಾರ ತೆಗೆದುಕೊಂಡರು. ಮೂರನೇ ಕಾಲಂ ನಾನು ಎಂಟು ವರ್ಷದಿಂದ ಖಾಲಿ ಬಿಡುತ್ತಿದ್ದೇನೆ. ಅವರೂ ಎಂಟು ವರ್ಷದಿಂದ ಅದನ್ನೇ ಕೇಳುತ್ತಿದ್ದಾರೆ.

ಹಾಸ್ಟೆಲಿನ ಹುಡುಗಿಯರು "ನಿಮ್ಮಮ್ಮ ಅಲ್ಲಿ ಮತಾಂತರ ಮಾಡ್ತಾರಾ?" ಅಂತ ಕೇಳಿದಾಗ ನೀನು "ಇಲ್ಲ, ನರ್ಸ್" ಅಂದೆಯಂತೆ. ಸುಳ್ಳಲ್ಲ, ಬಿಡು. ಆದರೆ ಕಾರಣ ತಿಳಿದಿರಲಿ. ಇಲ್ಲಿ ಸುವಾರ್ತೆ ತಂದವಳು ನಾನು ಅಂತ ಹೊರಟರೆ ಜನ ನಗುತ್ತಾರೆ. ಸ್ಕಾಟ್ಲೆಂಡಿನವರು ಇಲ್ಲಿನ ದೊಡ್ಡ ಊರು ಬ್ಲಾಂಟೈರಿನಲ್ಲಿ ಮಿಷನ್ ಶುರು ಮಾಡಿದ್ದು 1876ರಲ್ಲಿ. ನಮ್ಮ ಅಜ್ಜಿಯ ಮನೆತನ ಅಮೆರಿಕದ ಮೆಥೊಡಿಸ್ಟರ ಕೈಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವ ಹೊತ್ತಿಗೆ ಇಲ್ಲಿನವರ ಅಜ್ಜಂದಿರು ಸಭೆಯ ಹಿರಿಯರಾಗಿದ್ದರು. ನಾನು ಒಂದು ಕೀರ್ತನೆ ನೋಡಿಕೊಂಡು ಹಾಡುವಷ್ಟರಲ್ಲಿ ಇವರು ನಾಲ್ಕು ದನಿಯಲ್ಲಿ, ವಾದ್ಯವಿಲ್ಲದೆ, ಮೂರು ಹಾಡಿ ಮುಗಿಸಿರುತ್ತಾರೆ. ಇವರಿಗೆ ಪ್ರಾರ್ಥನೆ ಕಲಿಸಲು ನಾನ್ಯಾಕೆ ಬೇಕು? ಇವರಿಗೆ ಬೇಕಿದ್ದದ್ದು ಹೆರಿಗೆ ವಾರ್ಡಿಗೆ ಒಬ್ಬ ನರ್ಸು, ಜನರೇಟರಿಗೆ ಒಬ್ಬ ಎಲೆಕ್ಟ್ರಿಷಿಯನ್. ಅದಕ್ಕೇ ನಾನೂ ನಿಮ್ಮ ಪಪ್ಪನೂ.

ದಿನ ಹೇಗಿರುತ್ತದೆ ಅಂತ ಕೇಳಿದೆಯಲ್ಲ. ನಾಲ್ಕೂವರೆಗೆ ಕೋಳಿ ಎಬ್ಬಿಸುತ್ತದೆ. ನಿನಗಾಗ ಎಂಟು ಗಂಟೆ, ನೀನು ಇನ್ನೂ ಮುಸುಕು ಹೊದ್ದಿರುತ್ತೀ. ಈಗ ಇಲ್ಲಿ ಚಿಪೆರೋನಿ ಕಾಲ. ಮೊಜಾಂಬಿಕ್ ಕಡೆಯ ಬೆಟ್ಟವೊಂದರ ಹೆಸರು ಹೊತ್ತ ತಣ್ಣನೆ ತುಂತುರು, ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಎದುರಿಗಿರುವ ಮುಲಾಂಜೆ ಬೆಟ್ಟ, 3,002 ಮೀಟರ್ ಎತ್ತರದ್ದು, ವಾರವೆಲ್ಲ ಇರುವುದೇ ಸುಳ್ಳು ಅನ್ನುವ ಹಾಗೆ ಮಾಯವಾಗಿರುತ್ತದೆ. ಕೆಳಗಿನ ಚಹಾ ತೋಟಗಳಷ್ಟೇ ಕಾಣುವುದು. ಆಫ್ರಿಕಾ ಅಂದರೆ ಬಿಸಿಲು ಅಂತ ಅಜ್ಜಿ ನನ್ನ ಪೆಟ್ಟಿಗೆಯಿಂದ ಸ್ವೆಟರ್ ತೆಗೆಸಿದ್ದು ನೆನಪಿದೆಯಾ? ಕಲಬುರಗಿಯಂಥ ಬಿಸಿಲು ನಾನು ಇಲ್ಲಿ ಈವರೆಗೆ ಕಂಡಿಲ್ಲ.

ಏಳೂವರೆಗೆ ಆಸ್ಪತ್ರೆಯ ವರಾಂಡದಲ್ಲಿ ಬೆಳಗಿನ ಪ್ರಾರ್ಥನೆ, ಆಮೇಲೆ ರಾತ್ರಿ ಪಾಳಿಯವರಿಂದ ಚಾರ್ಜು ತೆಗೆದುಕೊಳ್ಳುವುದು. ರೋಗಿಯ ಜೊತೆ ಬಂದವರನ್ನು ಇಲ್ಲಿ ಗಾರ್ಡಿಯನ್ ಅನ್ನುತ್ತಾರೆ. ತಾಯಿಯೋ ಅಕ್ಕನೋ ಅತ್ತೆಯೋ, ಆವರಣದ ಹಿಂದೆ ಅವರಿಗೊಂದು ಶೆಡ್ಡು. ಅಲ್ಲೇ ಮೂರು ಕಲ್ಲಿನ ಒಲೆ ಹೂಡಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ತಿರುವಿ, ರೋಗಿಗೆ ಉಣ್ಣಿಸಿ, ಬಟ್ಟೆ ಒಗೆದು, ರಾತ್ರಿ ಮಂಚದ ಕೆಳಗೆ ಮಲಗುತ್ತಾರೆ. ನ್ಸಿಮಾ ಅಂದರೆ ನಮ್ಮ ಮುದ್ದೆಯ ಬಿಳಿ ತಮ್ಮ ಅಂದುಕೋ. ಮುರಿದು ಬೆರಳಲ್ಲಿ ಗುಂಡಗೆ ಮಾಡಿ ಸೊಪ್ಪಿನ ಪಲ್ಯದಲ್ಲಿ ಅದ್ದುವುದು. ಈ ಹೆಂಗಸರಿಲ್ಲದಿದ್ದರೆ ನನ್ನ ವಾರ್ಡು ಅರ್ಧ ದಿನ ನಡೆಯುವುದಿಲ್ಲ.

ಭಾಷೆಯ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಇಲ್ಲಿನವರ ಮಾತು ಚಿಚೆವಾದಲ್ಲಿ ಕುಡಿಯುವುದು 'ಕುಮ್ವಾ', ಸಾಯುವುದು 'ಕುಮ್ವಲಿರಾ'. ಬಂದ ಹೊಸತರಲ್ಲಿ ಒಬ್ಬ ಮುದುಕರ ಹತ್ತಿರ ಹೋಗಿ, ಔಷಧಿ ಕುಡಿದಿರಾ ಅಂತ ಕೇಳುವ ಬದಲು ಬಹಳ ಮರ್ಯಾದೆಯಿಂದ "ತಾವು ಸತ್ತಿರಾ?" ಅಂತ ಕೇಳಿದೆ. ಅವರು ಅಷ್ಟೇ ಮರ್ಯಾದೆಯಿಂದ "ಇನ್ನೂ ಇಲ್ಲ, ಸಿಸ್ಟರ್" ಅಂದರು. ವಾರ್ಡು ಒಂದು ವಾರ ನಕ್ಕಿತು. ವಾಸಿಯಾಗುವುದಕ್ಕೂ ಹೆರಿಗೆಯಾಗುವುದಕ್ಕೂ ಇವರದು ಒಂದೇ ಮಾತು, 'ಕುಚಿರಾ'. ಹೆತ್ತು ಎದ್ದವಳು ಗುಣವಾದವಳು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ನಿಂತ ಮೇಲೆ ಇದಕ್ಕಿಂತ ಸರಿಯಾದ ಮಾತು ನನಗೆ ಹೊಳೆಯುವುದಿಲ್ಲ.

ಔಷಧಿ ತರಲು ಬ್ಲಾಂಟೈರಿಗೆ ಹೋದಾಗ ಸೇಂಟ್ ಮೈಕಲ್ ದೇವಾಲಯದೊಳಗೆ ಹತ್ತು ನಿಮಿಷ ಕೂತು ಬರುತ್ತೇನೆ. ಅದನ್ನು ಕಟ್ಟಿಸಿದ ಡೇವಿಡ್ ಕ್ಲೆಮೆಂಟ್ ಸ್ಕಾಟ್ ವಾಸ್ತುಶಿಲ್ಪಿಯಲ್ಲ. ಇಲ್ಲಿನ ಮಣ್ಣಲ್ಲಿ ಇಟ್ಟಿಗೆ ಸುಡಿಸಿ, ಇಲ್ಲಿನ ಜನರ ಜೊತೆ 1888ರಿಂದ 1891ರವರೆಗೆ ಕಟ್ಟಿದ. ಮರುವರ್ಷ ಈ ಭಾಷೆಗೆ ದೊಡ್ಡದೊಂದು ನಿಘಂಟು ಕೊಟ್ಟ. ನಮ್ಮ ಕಿಟ್ಟೆಲರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಎರಡು ಖಂಡಗಳಲ್ಲಿ ಇಬ್ಬರು ಪಾದ್ರಿಗಳು ಒಂದೇ ಕಾಲಕ್ಕೆ ಊರವರ ಬಾಯಿಂದ ಮಾತು ಹೆಕ್ಕುತ್ತ ಕೂತಿದ್ದರು ಅಂತ ನೆನೆದರೆ ಖುಷಿಯಾಗುತ್ತದೆ. ಆದರೆ ಅದೇ ಮಿಷನ್ನಿನ ಮೊದಲ ದಿನಗಳಲ್ಲಿ ಪಾದ್ರಿಗಳ ಕಡೆಯವರು ತಾವೇ ನ್ಯಾಯಾಧೀಶರಾಗಿ ಜನರನ್ನು ಚಾಟಿಯಿಂದ ಹೊಡೆಸಿದ್ದರು. 1879ರಲ್ಲಿ ಒಬ್ಬನನ್ನು ಕೊಂದೇಬಿಟ್ಟರು. ಸ್ಕಾಟ್ಲೆಂಡಿನಿಂದ ವಿಚಾರಣೆಗೆ ಜನ ಬರಬೇಕಾಯಿತು. ಇದನ್ನು ನನಗೆ ಹೇಳಿದವರು ಇಲ್ಲಿನ ಪಾಸ್ಟರ್ರೇ, ಚಹಾ ಕುಡಿಯುತ್ತ, ಸಿಟ್ಟಿಲ್ಲದೆ. ಆಮೇಲೆ ಜೇಬಿನಿಂದ ಐನೂರು ಕ್ವಾಚಾ ನೋಟು ತೆಗೆದು ಅದರ ಮೇಲಿನ ಮುಖ ತೋರಿಸಿದರು. ಜಾನ್ ಚಿಲೆಂಬ್ವೆ, ಅವರೂ ಪಾಸ್ಟರ್ರೇ, 1915ರಲ್ಲಿ ಬಿಳಿಯರ ಎಸ್ಟೇಟ್ ದಬ್ಬಾಳಿಕೆಯ ವಿರುದ್ಧ ಎದ್ದು ಗುಂಡಿಗೆ ಬಲಿಯಾದವರು. ಅವರು ಕಟ್ಟಿಸಿದ ದೇವಾಲಯವನ್ನು ಸರ್ಕಾರ ಸಿಡಿಸಿ ಕೆಡವಿತು. "ಇಲ್ಲಿಗೆ ಬರುವ ಮಿಷನರಿ ಈ ಎರಡೂ ಕಥೆ ಕೇಳಿಸಿಕೊಂಡು ಕೆಲಸ ಶುರು ಮಾಡಬೇಕು" ಅಂದರು. ಕೇಳಿಸಿಕೊಂಡೆ.

ತೊಗರಿ ವಿಷಯ ಬರೆಯದಿದ್ದರೆ ಈ ಪತ್ರ ಅರ್ಧ. ಹೌದು, ಇಲ್ಲೂ ತೊಗರಿ! ನಂಡೋಲೋ ಅನ್ನುತ್ತಾರೆ, ಮೆಕ್ಕೆಜೋಳದ ಸಾಲುಗಳ ನಡುವೆ ಬೆಳೆಯುತ್ತಾರೆ, ಕೊಯ್ಲು ಈಗಲೇ. ನಾವು ಬಂದು ಎರಡು ತಿಂಗಳಾಗಿತ್ತು, 2017ರ ಆಗಸ್ಟ್. ಹಿಂದಿನ ಹಂಗಾಮಿನಲ್ಲಿ ಕಲಬುರಗಿಯಲ್ಲಿ ತೊಗರಿ ರಾಶಿ ರಾಶಿ ಬಂದು ಬೆಲೆ ಬಿದ್ದು, ಆಳಂದದಲ್ಲಿ ನಿನ್ನ ಮಾಮಾ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ದಿನಗಟ್ಟಲೆ ಕಾದಿದ್ದ. ಹೊರದೇಶದ ತೊಗರಿ ನಿಲ್ಲಿಸಿ ಅಂತ ಅವನೂ ಧರಣಿಗೆ ಕೂತಿದ್ದ. ಭಾರತ ಆಮದಿಗೆ ಮಿತಿ ಹಾಕಿತು. ಮಾಮಾ ಫೋನಿನಲ್ಲಿ "ಅಕ್ಕಾ, ಕಡೀಗೂ ಸರ್ಕಾರ ಕೇಳ್ತು ನೋಡು" ಅಂದ. ಅದೇ ವಾರ ನಮ್ಮ ಪಕ್ಕದ ಮನೆಯ ವಿಧವೆ ಎರಡು ಚೀಲ ನಂಡೋಲೋ ಸಂತೆಗೆ ಹೊತ್ತುಕೊಂಡು ಹೋಗಿ, ಕೊಳ್ಳುವವರಿಲ್ಲದೆ ಎರಡನ್ನೂ ಹೊತ್ತುಕೊಂಡು ವಾಪಸ್ ಬಂದಳು. "ಇಂಡಿಯಾದವರು ಬೇಡ ಅಂದರಂತೆ, ನಿಮ್ಮ ಊರಲ್ಲಿ ಏನಾಯಿತು?" ಅಂತ ನನ್ನನ್ನೇ ಕೇಳಿದಳು. ಏನು ಹೇಳಲಿ? ಒಂದು ಚೀಲ ನಾನೇ ಕೊಂಡೆ. 2021ರಲ್ಲಿ ಎರಡು ಸರ್ಕಾರಗಳೂ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 50,000 ಟನ್ ಕೊಳ್ಳುವುದು ಅಂತ ಆಯಿತು. ಆ ಸುದ್ದಿಯನ್ನು ನಾನು ಅವಳಿಗೆ ಓಡಿ ಹೋಗಿ ಹೇಳಿದೆ, ನಿನ್ನ ಮಾಮಾನಿಗೆ ಹೇಳಲಿಲ್ಲ. ಅವಳು ತನ್ನ ತೊಗರಿ ಬೇಯಿಸಿ ಸಿಪ್ಪೆ ಸಮೇತ ತಿನ್ನುತ್ತಾಳೆ. ನಾನು ಒಡೆದು ಬೇಳೆ ಮಾಡಿ, ಲಿಂಬೆ ಅನ್ನುವ ಪೇಟೆಯ ಗುಜರಾತಿ ಅಂಗಡಿಯಿಂದ ತಂದ ಜೀರಿಗೆ ಹಾಕಿ ಒಗ್ಗರಣೆ ಕೊಟ್ಟು ಒಂದು ಬಟ್ಟಲು ಕಳಿಸುತ್ತೇನೆ. ಇಷ್ಟು ಒಳ್ಳೆ ಕಾಳನ್ನು ಯಾಕೆ ಸುಲಿದು ಹಾಳು ಮಾಡುತ್ತೀ ಅಂತ ಬಯ್ಯುತ್ತಾಳೆ.

ಈಗ ನೀನು ಕೇಳದೇ ಬಿಟ್ಟಿದ್ದು. ಜನವರಿಯ ಪ್ರಾರ್ಥನಾ ಪತ್ರದಲ್ಲಿ ಒಂದು ಮಗುವಿನ ಕಥೆ ಇತ್ತು. ಬಿರುಮಳೆಯ ರಾತ್ರಿ ಕರೆಂಟು ಹೋಗಿ ಆಕ್ಸಿಜನ್ ಯಂತ್ರ ನಿಂತದ್ದು, ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಅದರ ಅಜ್ಜಿ ಚಿಟೆಂಜೆ ಅನ್ನುವ ಸುತ್ತುಬಟ್ಟೆಯೊಳಗೆ ಎದೆಗೆ ಒತ್ತಿಕೊಂಡು ಬೆಳಗಿನವರೆಗೆ ಕೂತದ್ದು, ಮಗು ಉಳಿದದ್ದು. ಬಹಳ ಜನ ಅದನ್ನು ಫಾರ್ವರ್ಡ್ ಮಾಡಿದರು, ಅಳುವ ಚಿತ್ರ ಹಾಕಿದರು. ಎಲ್ಲ ನಿಜ. ಆದರೆ ಪುಟ್ಟಿ, ಆ ಕೋಣೆಯಲ್ಲಿ ಅವತ್ತು ಎರಡು ಮಕ್ಕಳಿದ್ದವು. ಎರಡನೆಯದಕ್ಕೆ ನಾನು ಉಸಿರು ತುಂಬುವ ಆಂಬು ಬ್ಯಾಗ್ ಒತ್ತುತ್ತಿದ್ದೆ. ಹೊರಗೆ ನಿಮ್ಮ ಪಪ್ಪ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಜನರೇಟರಿನ ಡೀಸೆಲ್ ಪೈಪಿನಿಂದ ಗಾಳಿ ತೆಗೆಯುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ದೀಪ ಬಂತು. ಮಗು ಅದಕ್ಕೆ ಮೊದಲೇ ಹೋಗಿತ್ತು. ಅದರ ತಾಯಿಗೆ ನಿನ್ನಷ್ಟೇ ವಯಸ್ಸು. ಆ ಮಗುವಿಗೂ ಈ ಮಗುವಿಗೂ ಒಂದೇ ಪ್ರಾರ್ಥನೆ ಮಾಡಿದ್ದೆವು, ಒಂದೇ ಗಂಟೆಗೆ.

ಮಾರನೇ ದಿನ ಆ ತಾಯಿಯ ಊರಿಗೆ ಮಲಿರೋಗೆ, ಅಂದರೆ ಮಣ್ಣಿಗೆ, ಹೋದೆವು. ಇಲ್ಲಿ ಕೆಲಸ ಅಂದರೆ ಅರ್ಧ ಇದೇ. ಒಂದು ಬಟ್ಟಲು ಹಿಟ್ಟು ತೆಗೆದುಕೊಂಡು ಹೋಗಿ, ಹೆಂಗಸರ ಜೊತೆ ನೆಲದ ಮೇಲೆ ಕೂಡುವುದು. ಯಾರೂ ಏನೂ ಹೇಳುವುದಿಲ್ಲ. ಹಾಡುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಹಾಡುತ್ತಾರೆ. 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ಬಂದು ಈ ದಕ್ಷಿಣ ಜಿಲ್ಲೆಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತಾಗ ಹೀಗೆ ಎಷ್ಟು ಅಂಗಳಗಳಲ್ಲಿ ಕೂತೆನೋ ಲೆಕ್ಕ ಇಡಲಿಲ್ಲ. ಮಗು ಕಳೆದುಕೊಂಡ ಆ ಹುಡುಗಿಯ ಪಕ್ಕ ಕೂತಾಗ ಅವಳು ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಹೇಳಲು ಹೋದವಳು ನಾನು. ಇದಕ್ಕೆ ಫಾರಮಿನಲ್ಲಿ ಕಾಲಂ ಇಲ್ಲ. ಬರೆದಿದ್ದರೆ ಹಣ ಕಳಿಸುವವರ ಮನಸ್ಸು ಕುಗ್ಗುತ್ತಿತ್ತು ಅಂತ ಆಗ ನೆಪ ಹೇಳಿಕೊಂಡೆ. ಈಗ ಅನಿಸುತ್ತದೆ, ಓದುವವರಿಗಲ್ಲ, ನನಗೇ ಬರೆಯುವ ಧೈರ್ಯ ಇರಲಿಲ್ಲ.

ಇನ್ನೊಂದು. ಇಲ್ಲಿ ತಾಯಂದಿರನ್ನು ಅವರ ಹೆಸರಿನಿಂದ ಕರೆಯುವುದಿಲ್ಲ. 'ಅಮಾಕೆ' ಅಂದು ಮುಂದೆ ಮಗುವಿನ ಹೆಸರು ಸೇರಿಸುತ್ತಾರೆ, ಇಂಥವಳ ತಾಯಿ ಅಂತ. ಬಂದ ಮೊದಲ ವಾರವೇ ನಿನ್ನ ಹೆಸರು ಕೇಳಿಕೊಂಡರು. ನಿನ್ನ ಹೆಸರಿನ ರಕಾರ ಇವರ ಬಾಯಲ್ಲಿ ಲಕಾರವಾಗಿದೆ. ನಿನ್ನನ್ನು ಕಂಡೇ ಇಲ್ಲದವರು ದಿನಕ್ಕೆ ನಲವತ್ತು ಸಲ ನಿನ್ನ ಹೆಸರು ಕೂಗುತ್ತಾರೆ. ಹನ್ನೊಂದು ವರ್ಷದವಳನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಬಂದವಳಿಗೆ ಮೊದಮೊದಲು ಅದನ್ನು ಕೇಳುವುದು ಕಷ್ಟವಾಗಿತ್ತು. ದೇವರ ಕರೆ ಅಂತ ಬಂದೆವು. ಆ ಕರೆ ಬಂದದ್ದು ನಮಗೆ, ನಿನಗಲ್ಲ ಅನ್ನುವುದು ಗೊತ್ತಿತ್ತು. ನೀನು ಮೈನೆರೆದಾಗ ನಾನಿರಲಿಲ್ಲ, ಅಜ್ಜಿ ಹಲ್ಲು ಬಿದ್ದ ಬಾಯಲ್ಲೇ ಆರತಿ ಹಾಡಿ ಮುಗಿಸಿದಳು. ಕ್ಷಮಿಸು ಅಂತ ಪತ್ರದಲ್ಲಿ ಬರೆದರೆ ನೀನೂ ಪತ್ರದಲ್ಲೇ ಕ್ಷಮಿಸಬೇಕಾಗುತ್ತದೆ. ಡಿಸೆಂಬರಿನಲ್ಲಿ ಬರುತ್ತೇವಲ್ಲ, ಆಗ ಜಗಳ ಮಾಡು. ನಾನು ತಯಾರಾಗಿ ಬರುತ್ತೇನೆ.

ಸದ್ಯಕ್ಕೆ ಇಷ್ಟು ಮಾಡು. ಅಜ್ಜಿಗೆ ಬಿಪಿ ಗುಳಿಗೆ ಮುಗಿಯುವ ಮುಂಚೆ ತಂದುಕೊಡು, ಅವಳು ಕೇಳುವುದಿಲ್ಲ. ಮಾಮಾನ ಹತ್ತಿರ ಎರಡು ಕೆಜಿ ಹೊಸ ತೊಗರಿಬೇಳೆ ತೆಗೆದಿಡಲು ಹೇಳು, ಬರುವಾಗ ತಂದು ಪಕ್ಕದ ಮನೆಯವಳಿಗೆ ನಮ್ಮೂರ ಬೇಳೆ ಹೇಗಿರುತ್ತದೆ ತೋರಿಸಬೇಕು. ಅವಳದೇ ಕಾಳು ಅಲ್ಲಿಗೆ ಹೋಗಿ ಬಂದದ್ದಲ್ಲ ಅಂತ ಅವಳು ಒಪ್ಪುವುದು ಅನುಮಾನ. ಪಪ್ಪ ಶನಿವಾರ ಫೋನ್ ಮಾಡುತ್ತಾರೆ, ಕರೆಂಟ್ ಇದ್ದರೆ. ಹೊರಗೆ ಯಾರೋ "ಓಡಿ!" ಅಂತ, ಅಂದರೆ ಇಲ್ಲಿನ ಮಾತಲ್ಲಿ ಒಳಗೆ ಬರಲೇ ಅಂತ, ಕೂಗುತ್ತ ನಿನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಹೆರಿಗೆ ನೋವು ಶುರುವಾದವರನ್ನು ಕರೆತಂದಿರಬೇಕು, ಏಳುತ್ತೇನೆ.

ನಿನ್ನ,
ಮಮ್ಮಿ