ಟೆಂಟು ಹಾಳಾದದ್ದು ಹಾನ್ಲೆಯಲ್ಲಲ್ಲ, ನಿಮ್ಮ ಗೋದಾಮಿನಲ್ಲಿ

ಉಡುಪಿ,
7-10-2024

ಇವರಿಗೆ,
ವ್ಯವಸ್ಥಾಪಕರು,
ಚಾರಣ ಸಾಮಗ್ರಿ ಬಾಡಿಗೆ ವಿಭಾಗ,
ಮಂಗಳೂರು ಶಾಖೆ.

ವಿಷಯ: ಮೂರು ಟೆಂಟು, ಆರು ಸ್ಲೀಪಿಂಗ್ ಬ್ಯಾಗುಗಳ ಬಾಡಿಗೆ, ಠೇವಣಿಯಿಂದ ಅನ್ಯಾಯವಾಗಿ ಮುರಿದುಕೊಂಡ ಹಣ, ನಿಮ್ಮ ಕೌಂಟರಿನಲ್ಲಿ ನಡೆದ ವರ್ತನೆ.

ಮಾನ್ಯರೇ,

ಸೆಪ್ಟೆಂಬರ್ 24, 26, 30 ಮತ್ತು ಅಕ್ಟೋಬರ್ 3ರಂದು ನಾಲ್ಕು ಸಲ ಫೋನ್ ಮಾಡಿದ್ದೇನೆ. ಮೂರು ಸಲ "ಸರ್ ಇಲ್ಲ, ಬಂದ ಮೇಲೆ ಹೇಳ್ತೇವೆ" ಎಂದರು. ನಾಲ್ಕನೆಯ ಸಲ ನನ್ನ ಹೆಸರು ಕೇಳಿದ ಕೂಡಲೇ ಫೋನ್ ಇಟ್ಟರು. ಆದ್ದರಿಂದ ಈ ಪತ್ರ, ರಿಜಿಸ್ಟರ್ಡ್ ಅಂಚೆಯಲ್ಲಿ.

ಲಡಾಖಿನ ಹಾನ್ಲೆಗೆ ಹೊರಟ ನಾವು ಆರು ಮಂದಿ ಸೆಪ್ಟೆಂಬರ್ 12ರಿಂದ 21ರವರೆಗಿನ ಹತ್ತು ದಿನಗಳಿಗೆ 14,400 ರೂಪಾಯಿ ಬಾಡಿಗೆ, 18,000 ರೂಪಾಯಿ ಠೇವಣಿ ಕಟ್ಟಿದ್ದೆವು. 23ರಂದು ಸಾಮಾನು ಮರಳಿಸಿದಾಗ ನೀವು 10,400 ರೂಪಾಯಿ ಮುರಿದುಕೊಂಡಿರಿ. ಚೀಟಿಯಲ್ಲಿ ಬರೆದದ್ದು ಹೀಗೆ: ಮೂರು ಟೆಂಟಿನ ಧೂಳು ತೆಗೆಯಲು 4,500, ಮುರಿದ ಪೋಲ್ (ಟೆಂಟನ್ನು ಎತ್ತಿ ಹಿಡಿಯುವ ಕೋಲು) 3,200, ಎರಡು ಬಾಗಿಲಿನ ಜಿಪ್ 2,400, ಕಳೆದುಹೋದ ಎರಡು ಪೆಗ್ (ನೆಲಕ್ಕೆ ಹೊಡೆಯುವ ಗೂಟ) 300. ಪೆಗ್ಗಿನ 300 ರೂಪಾಯಿ ನಾವು ಕೊಡಬೇಕಾದದ್ದೇ. ಒಂದು ಕಡೆ ಬೆಳಗ್ಗಿನ ಹೊತ್ತು ಗಟ್ಟಿಯಾಗಿ ಹೆಪ್ಪುಗಟ್ಟಿದ ಮಣ್ಣಿನಿಂದ ಅವು ಎದ್ದು ಬರಲಿಲ್ಲ, ಬಿಟ್ಟು ಬಂದೆವು. ಉಳಿದ 10,100 ರೂಪಾಯಿಯಲ್ಲಿ ಒಂದು ರೂಪಾಯಿಯನ್ನೂ ನಾನು ಒಪ್ಪುವುದಿಲ್ಲ. ಏಕೆಂದು ಒಂದೊಂದಾಗಿ ಬರೆಯುತ್ತೇನೆ.

ಮೊದಲು ಧೂಳಿನ ವಿಷಯ. ಹಾನ್ಲೆ ಇರುವ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಧೂಳು ಇರುತ್ತದೆ. ಮಧ್ಯಾಹ್ನ ಕಳೆದರೆ ಗಾಳಿ ಏಳುತ್ತದೆ, ಗೋಧಿಹಿಟ್ಟಿನಷ್ಟು ನಯವಾದ ಮಣ್ಣು ಬಲೆಯ ಕಿಟಕಿಯಿಂದ ಒಳಗೆ ಬಂದು ಎಲ್ಲದರ ಮೇಲೂ ಕೂರುತ್ತದೆ. ಆದರೆ ಅದು ಒಣ ಧೂಳು. ಸುಸ್ಥಿತಿಯ ಟೆಂಟನ್ನು ತಲೆಕೆಳಗು ಮಾಡಿ ಇಬ್ಬರು ನಾಲ್ಕು ಸಲ ಕೊಡವಿದರೆ ಮುಕ್ಕಾಲು ಪಾಲು ಹೋಗುತ್ತದೆ, ಉಳಿದದ್ದು ಒಣ ಬ್ರಷ್ಷಿಗೆ ಹೋಗುತ್ತದೆ. ನೀವು ಕೊಟ್ಟ ಟೆಂಟುಗಳಿಂದ ಅದು ಹೋಗಲಿಲ್ಲ. ಕಾರಣ, ಫ್ಲೈಯ (ಟೆಂಟಿನ ಮೇಲುಹೊದಿಕೆಯ) ಒಳಮೈ ಬೆಲ್ಲದ ಪಾಕ ಸವರಿದ ಹಾಗೆ ಅಂಟುತ್ತಿತ್ತು. ಬೆರಳೊತ್ತಿ ತೆಗೆದರೆ ಬಟ್ಟೆಯೂ ಬೆರಳಿನ ಜೊತೆ ಎದ್ದು ಬರುತ್ತಿತ್ತು. ಹೊಲಿಗೆಯ ಮೇಲಿನ ಸೀಮ್ ಟೇಪ್ ಗೇಣುದ್ದ ಕಿತ್ತು ಜೋತಾಡುತ್ತಿತ್ತು. ನೆಲದ ಹಾಸಿನಿಂದ ಬಿಳಿ ಪದರ ಮೀನಿನ ಹುರುಪೆಯಂತೆ ಉದುರುತ್ತಿತ್ತು.

ಇದು ಏನೆಂದು ನಿಮಗೆ ಗೊತ್ತಿಲ್ಲದ್ದಲ್ಲ. ನೀರು ಇಳಿಯದಿರಲೆಂದು ಬಟ್ಟೆಗೆ ಹಚ್ಚುವ ಪಾಲಿಯುರೆಥೇನ್ ಲೇಪವನ್ನು ಗಾಳಿಯ ತೇವವೇ ನಿಧಾನವಾಗಿ ಒಡೆಯುತ್ತದೆ. ಹೈಡ್ರಾಲಿಸಿಸ್ ಎನ್ನುವುದು ಇದಕ್ಕೇ. ತೇವ ಮತ್ತು ಸೆಕೆ ಎರಡೂ ಕೂಡಿದರೆ ಬೇಗ ಒಡೆಯುತ್ತದೆ, ಟೆಂಟನ್ನು ಒದ್ದೆಯಲ್ಲೇ ಮಡಚಿ ಅದರ ಬಿಗಿ ಚೀಲಕ್ಕೆ ತುರುಕಿಟ್ಟರೆ ಇನ್ನೂ ಬೇಗ. ಮೊದಲು ವಾಂತಿಯಂಥ ಹುಳಿ ವಾಸನೆ, ಆಮೇಲೆ ಅಂಟು, ಕೊನೆಗೆ ಪದರ ಏಳುವುದು. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಲೇಹದಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈಯಲ್ಲಿ ಅಷ್ಟು ಒಂದೇ ದಿನ ಸುರಿದುಬಿಡುತ್ತದೆ. ತುಟಿ ಬಿರಿಯುವಂಥ ಒಣ ಹವೆಯಲ್ಲಿ ಆರು ದಿನ ಇಟ್ಟ ಬಟ್ಟೆಯ ಲೇಪ ತೇವದಿಂದ ಕೊಳೆಯಿತು ಎಂದು, ಧೂಳಿನ ಹೆಸರಿನಲ್ಲಿ, ನಿಮ್ಮ ಚೀಟಿ ಹೇಳಿದಂತಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಟೆಂಟುಗಳು ಎಲ್ಲಿದ್ದವು? ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುತ್ತಿದ್ದ ಊರು ನಮ್ಮದು. ಟೆಂಟನ್ನು ಪೂರ್ತಿ ಒಣಗಿಸಿ, ಚೀಲದಿಂದ ಹೊರಗೆ ತೆಗೆದು, ಗಾಳಿಯಾಡುವ ಕಡೆ ಸಡಿಲವಾಗಿ ತೂಗುಹಾಕಬೇಕು, ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಬಿಡಿಸಿ ನೋಡಬೇಕು. ನಿಮ್ಮ ಬಾಡಿಗೆ ಕರಾರಿನ 6ನೇ ಕಲಮು, ಗ್ರಾಹಕರು "ಒದ್ದೆ ಟೆಂಟನ್ನು ಮಡಚಿ ಮರಳಿಸಿದರೆ ಲೇಪ ಹಾಳಾಗುವುದರಿಂದ" ದಂಡ ಹಾಕುತ್ತೇವೆ ಎನ್ನುತ್ತದೆ. ಒಂದು ರಾತ್ರಿಗೆ ನಮಗೆ ಅನ್ವಯಿಸುವ ನಿಯಮ ನಾಲ್ಕು ತಿಂಗಳಿಗೆ ನಿಮಗೆ ಅನ್ವಯಿಸಬೇಡವೇ?

ಸಾಮಾನು ಒಯ್ಯುವಾಗಲೇ ಬಿಡಿಸಿ ನೋಡಬೇಕಿತ್ತು ಎಂದು ನೀವು ಹೇಳುವುದು ಗೊತ್ತು. ಸೆಪ್ಟೆಂಬರ್ 10ರಂದು ನಾನು ಅದನ್ನೇ ಕೇಳಿದ್ದೆ. "ಒಳಗೆ ಜಾಗ ಇಲ್ಲ, ಹೊರಗೆ ಮಳೆ ಉಂಟಲ್ಲ, ಎಲ್ಲ ಚೆಕ್ ಮಾಡಿಯೇ ಕೊಡುವುದು" ಎಂದು ತಪಾಸಣಾ ಚೀಟಿಗೆ ಸಹಿ ಹಾಕಿಸಿಕೊಂಡಿರಿ. ಆ ರಾತ್ರಿಯೇ ಒಂದು ಟೆಂಟನ್ನು ಮನೆಯ ಚಾವಡಿಯಲ್ಲಿ ಬಿಡಿಸಿದೆವು. 11ರ ಬೆಳಗ್ಗೆ 9.40ಕ್ಕೆ ಫೋನ್ ಮಾಡಿ ವಾಸನೆಯ ಬಗ್ಗೆ ಹೇಳಿದೆ. "ಅದು ಹೊಸ ಕೋಟಿಂಗಿನ ವಾಸನೆ" ಎಂಬ ಉತ್ತರ ಬಂತು. ಮರುದಿನ ವಿಮಾನ. ಬೇರೆ ಟೆಂಟು ಹುಡುಕಲು ಸಮಯವಿರಲಿಲ್ಲ.

ಈಗ ಪೋಲ್. ಅಲ್ಯೂಮಿನಿಯಂ ಪೋಲಿನ ಒಂದು ತುಂಡಿನ ಮೂತಿ ಇನ್ನೊಂದರೊಳಗೆ ಕೊನೆಯವರೆಗೆ ಕೂರಬೇಕು. ಅರ್ಧ ಬೆರಳಿನಷ್ಟು ಹೊರಗುಳಿದರೂ ಬಾಗಿದಾಗ ಭಾರವೆಲ್ಲ ಹೊರಕೊಳವೆಯ ಅಂಚಿನ ಮೇಲೆ ಬಿದ್ದು ಅದು ಉದ್ದಕ್ಕೆ ಸೀಳುತ್ತದೆ. ಇಲ್ಲಿ ಆದದ್ದು ಅದೇ. ಕೀಲುಗಳಲ್ಲಿ ಬಿಳಿ ಪುಡಿ ಕಟ್ಟಿ ಗುಳಿ ಬಿದ್ದಿತ್ತು, ಒತ್ತಿದರೂ ಮೂತಿ ಪೂರ್ತಿ ಇಳಿಯುತ್ತಿರಲಿಲ್ಲ. ಆ ಬಿಳಿ ಪುಡಿ ಕಡಲ ಉಪ್ಪಿನ ಕೆಲಸ. ಇದೇ ಟೆಂಟುಗಳನ್ನು ನೀವು ವಾರಾಂತ್ಯಗಳಲ್ಲಿ ಬೀಚ್ ಕ್ಯಾಂಪಿಗೆ ಕೊಡುತ್ತೀರಿ, ಅದು ತಪ್ಪಲ್ಲ. ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸದೆ ಇಡುವುದು ತಪ್ಪು. ಕೊಳವೆ ಸೀಳಿದರೆ ಮೇಲಿಂದ ಹಾಕಿ ಟೇಪ್ ಸುತ್ತಲು ಒಂದು ಗೇಣುದ್ದದ ರಿಪೇರಿ ಕೊಳವೆ ಪ್ರತಿ ಟೆಂಟಿನ ಜೊತೆ ಇರುತ್ತದೆ ಎಂದು ನಿಮ್ಮ ಸಾಮಾನು ಪಟ್ಟಿಯ 11ನೇ ಸಾಲು ಹೇಳುತ್ತದೆ. ಮೂರರಲ್ಲಿ ಒಂದರಲ್ಲೂ ಇರಲಿಲ್ಲ. ಎರಡು ಪೆಗ್ಗುಗಳನ್ನು ಸೀಳಿನ ಎರಡೂ ಬದಿಗೆ ಇಟ್ಟು ಬಿಗಿದು ಕಟ್ಟಿ ಆ ರಾತ್ರಿ ಕಳೆಯಬೇಕಾಯಿತು.

ಜಿಪ್ಪಿನದ್ದೂ ಇದೇ ಕಥೆ. ರನ್ನರ್ ಸರಾಗವಾಗಿ ಓಡುತ್ತದೆ, ಹಿಂದಿನಿಂದ ಹಲ್ಲು ಬಿಚ್ಚಿಕೊಳ್ಳುತ್ತದೆ. ರನ್ನರ್ ಸವೆದು ಬಾಯಿ ಅಗಲವಾದರೆ ಹೀಗಾಗುತ್ತದೆ, ಸಣ್ಣ ಇಕ್ಕುಳದಲ್ಲಿ ಎರಡೂ ಬದಿ ನಾಜೂಕಾಗಿ ಅದುಮಿದರೆ ಕೆಲವು ದಿನ ನಡೆಯುತ್ತದೆ. ನಾವು ಹಾಗೆ ಅದುಮಲು ಹೋದಾಗ ಒಂದು ರನ್ನರ್ ಎರಡು ತುಂಡಾಯಿತು, ಒಳಗೆಲ್ಲ ಅದೇ ಬಿಳಿ ಪುಡಿ. ಇನ್ನೊಂದಕ್ಕೆ ಯಾರೋ ಎಣ್ಣೆ ಹಾಕಿದ್ದರು. ಮರಳಿಗೆ ಹೋಗುವ ಜಿಪ್ಪಿಗೆ ಎಣ್ಣೆ ಹಾಕಬಾರದೆಂದು ಟೆಂಟು ಬಾಡಿಗೆಗೆ ಕೊಡುವವರಿಗೆ ನಾನು ಹೇಳಿಕೊಡಬೇಕೇ? ಎಣ್ಣೆ ಮತ್ತು ಧೂಳು ಸೇರಿ ಅರೆಯುವ ಹಿಟ್ಟಾಗುತ್ತದೆ. ಬ್ರಷ್ ಮಾಡಿ, ಮೇಣದಬತ್ತಿ ಉಜ್ಜಬೇಕು.

ಸ್ಲೀಪಿಂಗ್ ಬ್ಯಾಗಿನ ವಿಷಯ ಹಣದ್ದಲ್ಲ, ಪ್ರಾಣದ್ದು. ನಿಮ್ಮ ಪಟ್ಟಿಯಲ್ಲಿ "ಮೈನಸ್ 18 ಡಿಗ್ರಿ ಬ್ಯಾಗ್" ಎಂದಿದೆ. ಒಳಗೆ ಹೊಲಿದ ಲೇಬಲ್‌ನಲ್ಲಿ ಮೂರು ಅಂಕಿಗಳಿವೆ: ಕಂಫರ್ಟ್ (ಹಾಯಾಗಿ ನಿದ್ದೆ ಬರುವ ಮಟ್ಟ) 3, ಲಿಮಿಟ್ (ಮುದುಡಿ ಮಲಗಿ ತಡೆದುಕೊಳ್ಳುವ ಮಟ್ಟ) ಮೈನಸ್ 2, ಎಕ್ಸ್‌ಟ್ರೀಮ್ ಮೈನಸ್ 18. ಕೊನೆಯದ್ದು ನಿದ್ದೆಯ ಅಂಕಿ ಅಲ್ಲ, ಆರು ಗಂಟೆ ಜೀವ ಹಿಡಿದುಕೊಂಡಿರಬಹುದು ಎನ್ನುವ ಅಂಕಿ. ಚಳಿ ತಡೆಯದ ಹೆಂಗಸರು ನೋಡಬೇಕಾದದ್ದು ಮೊದಲನೆಯದನ್ನು. ಹಾನ್ಲೆಯ ಖಗೋಳ ವೀಕ್ಷಣಾಲಯ 4,500 ಮೀಟರ್ ಎತ್ತರದಲ್ಲಿದೆ. ಅದರ ಕೆಳಗಿನ ಬಯಲಿನಲ್ಲಿ ಸೆಪ್ಟೆಂಬರ್ ರಾತ್ರಿ ನಮ್ಮ ಥರ್ಮಾಮೀಟರ್ ಮೈನಸ್ 6 ತೋರಿಸಿತು. ಮೈನಸ್ 18 ಎಂದು ನಂಬಿ ತೆಳ್ಳಗಿನ ಬಟ್ಟೆಯಲ್ಲಿ ಮಲಗುವವರು ಏನಾಗಬೇಕು? ನಾವು ಲೇಬಲ್ ನೋಡಿ ಲೇಹದಲ್ಲೇ ಆರು ದಪ್ಪ ಕಂಬಳಿ ಬಾಡಿಗೆಗೆ ಪಡೆದೆವು. ನಿಮ್ಮ ಮುಂದಿನ ಗ್ರಾಹಕರು ನೋಡದಿರಬಹುದು. ಕೆಳಗೆ ಹಾಸುವ ಮ್ಯಾಟುಗಳು ನಮ್ಮವೇ, ಅವುಗಳ ಬಗ್ಗೆ ನಿಮ್ಮಲ್ಲಿ ಹೇಳುವುದೇನೂ ಇಲ್ಲ.

ಸಾಮಾನು ಮರಳಿಸಿದ ದಿನ, ಟೆಂಟನ್ನು ಕಟ್ಟಲು ಬರದೆ ಗಾಳಿಗೆ ಒಡ್ಡಿದ್ದೀರಿ ಎಂದಿರಲ್ಲ, ಅದಕ್ಕೂ ಉತ್ತರ ಬರೆಯುತ್ತೇನೆ. ಅಲ್ಲಿ ಸಡಿಲ ಮರಳು ಇದ್ದ ಕಡೆ ನೀವು ಕೊಟ್ಟ ಗೇಣುದ್ದದ ಪೆಗ್ ಒಂದು ಎಳೆತಕ್ಕೆ ಮೇಲೆ ಬರುತ್ತದೆ. ಆದ್ದರಿಂದ ಬಟ್ಟೆ ಚೀಲಕ್ಕೆ ಮರಳು ತುಂಬಿ, ನಡುವಿಗೆ ಹಗ್ಗ ಕಟ್ಟಿ, ಒಂದೂವರೆ ಗೇಣು ಆಳದಲ್ಲಿ ಎಳೆತಕ್ಕೆ ಅಡ್ಡಲಾಗಿ ಹೂತೆವು. ಗಾಳಿ ಬರುವ ದಿಕ್ಕಿನ ಹಗ್ಗಗಳನ್ನು ನೇರ ದೊಡ್ಡ ಕಲ್ಲಿಗೆ ಕಟ್ಟಲಿಲ್ಲ, ಅಂಚಿಗೆ ಉಜ್ಜಿ ತುಂಡಾಗುತ್ತದೆ. ಹಗ್ಗದ ತುದಿಯನ್ನು ಒಂದು ಸಣ್ಣ ಕಲ್ಲಿಗೆ ಸುತ್ತಿ, ಅದರ ಮುಂದೆ ಹತ್ತು ಕಿಲೋದ ಕಲ್ಲು ಅಡ್ಡ ಇಟ್ಟೆವು. ನಿಮ್ಮ ಹಗ್ಗಗಳು ಒಂದೂವರೆ ಮೀಟರ್ ಮಾತ್ರ, ಈ ಕೆಲಸಕ್ಕೆ ಮೂರು ಮೀಟರ್ ಬೇಕು. ನಮ್ಮ ಹಗ್ಗ ಸೇರಿಸಿ ಕಟ್ಟಿದೆವು. ಟೆಂಟು ಒಂದು ಇಂಚೂ ಜರುಗಲಿಲ್ಲ. ಜರುಗಿದ್ದರೆ ಪೋಲ್ ಬೇರೆ ರೀತಿ ಮುರಿಯುತ್ತದೆ, ಅದೂ ನಿಮಗೆ ಗೊತ್ತಿರಬೇಕು.

ಈಗ ಸೆಪ್ಟೆಂಬರ್ 23, ಸೋಮವಾರ ಸಂಜೆ ನಾಲ್ಕೂವರೆ. ನಿಮ್ಮ ಅಂಗಡಿಯಲ್ಲಿ ಐದು ಮಂದಿ ಕಾಲೇಜು ಮಕ್ಕಳು ಬ್ಯಾಗು ನೋಡುತ್ತಿದ್ದರು. ಕೌಂಟರಿನಲ್ಲಿದ್ದ ನಿಮ್ಮ ಸಿಬ್ಬಂದಿ ಒಂದು ಟೆಂಟನ್ನು ಚೀಲದಿಂದ ಅರ್ಧ ಎಳೆದು, ಮೂಗು ಮುಚ್ಚಿ, "ಎಂತ ಮೇಡಂ ಇದು, ಇದರಲ್ಲಿ ಎಂತ ಮಾಡಿದ್ದು ನೀವು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ವಾಸನೆ ಕೊಡುವ ದಿನವೇ ಇತ್ತು, 11ರಂದು ಫೋನ್ ಮಾಡಿದ್ದೆ ಎಂದೆ. "ಯಾರತ್ರ ಮಾತಾಡಿದ್ದು? ಹೆಸರು ಹೇಳಿ." ನಿಮ್ಮವರು ಫೋನಿನಲ್ಲಿ ಹೆಸರು ಹೇಳುವುದಿಲ್ಲ. "ಹೆಸರು ಗೊತ್ತಿಲ್ಲದಿದ್ರೆ ಎಂತ ಮಾಡ್ಲಿಕ್ಕಾಗ್ತದೆ?" ಎಂದು ಮಕ್ಕಳ ಕಡೆ ನೋಡಿ ನಕ್ಕರು. ಆಮೇಲೆ ಪೆಗ್ಗಿನ ಚೀಲವನ್ನು ಮೇಜಿನ ಮೇಲೆ ಸುರಿದು "ಎಣಿಸಿ" ಎಂದರು. ಎಣಿಸತೊಡಗಿದೆ. "ಗಟ್ಟಿಯಾಗಿ ಎಣಿಸಿ, ಮತ್ತೆ ತಕರಾರು ಬೇಡ." 36ರಲ್ಲಿ 34 ಎಂದು ಗಟ್ಟಿಯಾಗಿ ಎಣಿಸಿದೆ. ನಡುವೆ ಒಬ್ಬ ಹುಡುಗ ಬೆಲೆ ಕೇಳಿದ್ದಕ್ಕೆ ನನ್ನನ್ನು 21ರಲ್ಲಿ ನಿಲ್ಲಿಸಿ, ಅವನ ವ್ಯಾಪಾರ ಮುಗಿಸಿ, "ಎಷ್ಟಾಯ್ತು? ಮೊದಲಿನಿಂದ ಮಾಡಿ" ಎಂದರು. ಮೊದಲಿನಿಂದ ಎಣಿಸಿದೆ.

ಪೋಲಿನ ಕೀಲನ್ನು ತೋರಿಸಿ ಉಪ್ಪಿನ ಗುಳಿಗಳ ಬಗ್ಗೆ ಹೇಳಿದಾಗ ಅವರು ನಿಮಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ನೀವು ಹೇಳಿದ ಮಾತು ಅಕ್ಷರಶಃ ಇದು: "ಅವರೊಟ್ಟಿಗೆ ಗಂಡಸರು ಯಾರಾದ್ರೂ ಬಂದಿದ್ರೆ ಫೋನ್ ಕೊಡು, ಅವರಿಗೆ ಟೆಕ್ನಿಕಲ್ ವಿಷಯ ಅರ್ಥ ಆಗ್ತದೆ. ಇವರಿಗೆ ಟೆಂಟ್ ಕಟ್ಟುವುದು ಹೇಗೆಂತಲೇ ಗೊತ್ತಿಲ್ಲ." ಐದು ಮಕ್ಕಳು ಕೇಳಿಸಿಕೊಂಡರು. ನಾನು ಕೇಳಿದ ಪ್ರಶ್ನೆ ಒಂದೇ: ಈ ಪೋಲನ್ನು ಕಡೆಯ ಸಲ ಸಿಹಿನೀರಿನಲ್ಲಿ ತೊಳೆದದ್ದು ಯಾವಾಗ? ನೀವು ಉತ್ತರ ಕೊಡಲಿಲ್ಲ. ಇಂದಿಗೂ ಕೊಟ್ಟಿಲ್ಲ.

ನನಗೆ ಬೇಕಾದದ್ದು: 10,100 ರೂಪಾಯಿ ಠೇವಣಿ, ಟೆಂಟಿನ ಬಾಡಿಗೆಯ ಅರ್ಧ 4,500 ರೂಪಾಯಿ, ಆ ಮಾತಿಗೆ ಬರಹದಲ್ಲಿ ಕ್ಷಮೆ. ಪಟ್ಟಿಯಿಂದ ಮೈನಸ್ 18 ತೆಗೆದು ಕಂಫರ್ಟ್ ಅಂಕಿ ಬರೆಯಬೇಕು. ಆ ಮೂರು ಟೆಂಟುಗಳನ್ನು ಇನ್ನು ಯಾರಿಗೂ ಕೊಡಬಾರದು. ಮುಂದಿನ ಗುಂಪು ಅವನ್ನು ಕುದುರೆಮುಖದ ಮಳೆಗೆ ಒಯ್ದರೆ ರಾತ್ರಿಯಿಡೀ ನೆನೆಯುತ್ತದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ 35ನೇ ಸೆಕ್ಷನ್ ಪ್ರಕಾರ ಉಡುಪಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕುತ್ತೇನೆ. ದೂರುದಾರರು ವಾಸಿಸುವ ಊರಿನಲ್ಲೇ ಹಾಕಬಹುದು, ಇಷ್ಟು ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಪ್ರತಿ ವಿಚಾರಣೆಗೆ ನಾನೇ ಬರುತ್ತೇನೆ. ಹಾನ್ಲೆಯಲ್ಲಿ ಕಿತ್ತುಬಂದ ಸೀಮ್ ಟೇಪಿನ ಒಂದು ತುಂಡು, ಎರಡಾದ ರನ್ನರ್, 10ರ ರಾತ್ರಿ ಚಾವಡಿಯಲ್ಲಿ ತೆಗೆದ ಫೋಟೋಗಳು, 11ರ ಬೆಳಗ್ಗಿನ ಕರೆಯ ದಾಖಲೆ ಎಲ್ಲವೂ ನನ್ನ ಬಳಿ ಭದ್ರವಾಗಿ ಉಂಟು. ಪೋಲನ್ನು ಯಾವಾಗ ತೊಳೆದಿರಿ ಎಂಬ ಪ್ರಶ್ನೆಯನ್ನು ಅಲ್ಲಿ ಮತ್ತೆ ಕೇಳುತ್ತೇನೆ.

ಇತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ಬಾಡಿಗೆ ರಸೀದಿ, ತಪಾಸಣಾ ಚೀಟಿ, ಕಡಿತದ ಚೀಟಿಗಳ ಪ್ರತಿ, ಫೋಟೋ 14.