ಸುರಂಗ ಆಮೇಲೆ ಮಾಡಿ, ಮೊದಲು ಪಕ್ಕದ ಬಡಾವಣೆಗೆ ದಾರಿ ಬಿಡಿ

ಮಾನ್ಯ ಸಂಪಾದಕರೇ,

ನಮ್ಮ ಅಪಾರ್ಟ್‌ಮೆಂಟ್ ಇರುವುದು ಬೆಂಗಳೂರಿನ ಹರಳೂರು ರಸ್ತೆಯ ಒಳಗಡೆ. ಹಿಂದಿನ ಕಾಂಪೌಂಡ್ ಗೋಡೆಯ ಆಚೆ ಒಂದು ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ. ಅದರ ಆಚೆ ದಡದಲ್ಲಿ ಇನ್ನೊಂದು ಬಡಾವಣೆ, ಅಲ್ಲೇ ನನ್ನ ಮಗಳ ಶಾಲೆ. ಬಾಲ್ಕನಿಯಲ್ಲಿ ನಿಂತರೆ ಶಾಲೆಯ ಬೆಲ್ಲು ಕೇಳಿಸುತ್ತದೆ. ಆದರೆ ಶಾಲೆಗೆ ಹೋಗಬೇಕು ಅಂದರೆ ಹರಳೂರು ರಸ್ತೆಗೆ ಬಂದು, ಅಲ್ಲಿಂದ ಸರ್ಜಾಪುರ ರಸ್ತೆ ಸೇರಿ, ಸಿಗ್ನಲ್ ದಾಟಿ, ಯೂ-ಟರ್ನ್ ತಗೊಂಡು, ಮತ್ತೆ ಒಂದು ಸಣ್ಣ ರಸ್ತೆಯಲ್ಲಿ ಒಳಗೆ ಬರಬೇಕು. ಮೂರೂವರೆ ಕಿಲೋಮೀಟರ್. ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ ಹೊರಟರೆ ಮುಕ್ಕಾಲು ಗಂಟೆ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಆಚೆ ದಡದವರು. ಅವರು ಹತ್ತೇ ನಿಮಿಷದಲ್ಲಿ ಬಂದುಬಿಡುತ್ತಾರೆ. ಹೇಗೆ ಅಂತ ಒಂದು ದಿನ ಅವರ ಜೊತೆ ಹೋಗಿ ನೋಡಿದೆ. ಕಾಲುವೆಗೆ ಅಡ್ಡವಾಗಿ ಒಂದು ದಪ್ಪ ಪೈಪು ಹೋಗಿದೆ. ಅದರ ಪಕ್ಕಕ್ಕೆ ಯಾರೋ ಎರಡು ಚಪ್ಪಡಿ ಕಲ್ಲು ಹಾಸಿದ್ದಾರೆ. ಅಕ್ಕ ಚಪ್ಪಲಿ ಬಿಚ್ಚಿ ಕೈಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕೈಯಿಂದ ಪೈಪು ಹಿಡಿದು ದಾಟಿದರು. ಅವರ ಹಿಂದೆ ಇನ್ನೂ ನಾಲ್ಕು ಜನ ಹೆಂಗಸರು, ಒಬ್ಬ ಸೆಕ್ಯುರಿಟಿ ಹುಡುಗ. ಜೋರು ಮಳೆ ಬಂದ ದಿನ ಆ ಕಲ್ಲು ಕಾಣುವುದೇ ಇಲ್ಲ. ಅಂಥ ದಿನ ಬರಬೇಡಿ ಅಕ್ಕ ಅಂತ ನಾನೇ ಫೋನ್ ಮಾಡುತ್ತೇನೆ.

ಈ ಊರಿನ ಟ್ರಾಫಿಕ್ ಬಗ್ಗೆ ಮಾತು ಬಂದಾಗಲೆಲ್ಲ ವಾಹನ ಜಾಸ್ತಿ ಆಯಿತು ಅನ್ನುತ್ತೇವೆ. ಆಗಿದೆ, ಒಂದು ಕೋಟಿ ದಾಟಿದೆ. ಆದರೆ ಅದರಲ್ಲಿ ಎಷ್ಟೋ ಗಾಡಿಗಳು ದೂರ ಹೋಗುತ್ತಿರುವುದಿಲ್ಲ. ಹಾಲಿಗೆ, ಔಷಧಿಗೆ, ಟ್ಯೂಷನ್ನಿಗೆ, ಪಕ್ಕದ ಬಡಾವಣೆಯ ಡಾಕ್ಟರ ಹತ್ತಿರ ಹೊರಟಿರುತ್ತವೆ. ಬೇರೆ ದಾರಿ ಇಲ್ಲದ್ದಕ್ಕೆ ಅವೆಲ್ಲ ಮುಖ್ಯ ರಸ್ತೆಗೇ ಬರಬೇಕು. ಹರಳೂರು, ಕಸವನಹಳ್ಳಿ, ಕೈಕೊಂಡ್ರಹಳ್ಳಿ ಕಡೆಯ ಬೀದಿಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಬಾಯಿ, ಅದು ಸರ್ಜಾಪುರ ರಸ್ತೆ. ಅದರ ಬಾಯಿ ಇಬ್ಬಲೂರು ಜಂಕ್ಷನ್. ಅಲ್ಲಿ ಒಂದು ಬಸ್ಸು ಕೆಟ್ಟು ನಿಂತರೆ ನಮ್ಮ ಗೇಟಿನ ತನಕ ಸಾಲು ಬೆಳೆಯುತ್ತದೆ.

ಮಲ್ಲೇಶ್ವರದಲ್ಲಿ ಹಾಗಿಲ್ಲ, ಅಲ್ವಾ? ನೂರು ವರ್ಷಕ್ಕೂ ಹಿಂದೆ ಹಾಕಿದ ಬಡಾವಣೆ ಅದು. ಸಂಪಿಗೆ ರಸ್ತೆ, ಅದಕ್ಕೆ ಸಮನಾಗಿ ಮಾರ್ಗೋಸಾ ರಸ್ತೆ, ಎರಡನ್ನೂ ಕೂಡಿಸುವ ಸಾಲು ಸಾಲು ಕ್ರಾಸುಗಳು. ಎಂಟನೇ ಕ್ರಾಸಿನಲ್ಲಿ ಹಬ್ಬದ ಜನ ಸೇರಿದ್ದರೆ ಆರಕ್ಕೋ ಹತ್ತಕ್ಕೋ ತಿರುಗಿಕೊಳ್ಳಬಹುದು. ಅಲ್ಲೂ ರಶ್ ಇದೆ, ಪಾರ್ಕಿಂಗ್ ಜಗಳ ಇದೆ. ಆದರೆ ಒಂದು ಕಡೆ ಕಟ್ಟಿಕೊಂಡರೆ ಊರೆಲ್ಲ ಕಟ್ಟಿಕೊಳ್ಳುವುದಿಲ್ಲ. ಜಯನಗರವೂ ಹಾಗೇ. ನಮ್ಮ ಕಡೆ ರೆವಿನ್ಯೂ ಜಮೀನಿನಲ್ಲಿ ಒಬ್ಬೊಬ್ಬರು ಒಂದೊಂದು ಲೇಔಟ್ ಮಾಡಿದರು, ಪಕ್ಕದವರ ರಸ್ತೆ ಎಲ್ಲಿಗೆ ಬರುತ್ತದೆ ಅಂತ ನೋಡಲಿಲ್ಲ, ನೋಡಿಸಬೇಕಾದವರೂ ನೋಡಿಸಲಿಲ್ಲ, ಕೊನೆಗೆ ಎಲ್ಲರೂ ಸುತ್ತ ಗೋಡೆ ಎಬ್ಬಿಸಿದರು. ಮಾಸ್ಟರ್ ಪ್ಲಾನಿನಲ್ಲಿ, ಅಂದರೆ ಸಿಡಿಪಿಯಲ್ಲಿ, ಗೆರೆ ಎಳೆದ ರಸ್ತೆಗಳು ಎಷ್ಟೋ ಕಡೆ ನಕ್ಷೆಯಲ್ಲೇ ಉಳಿದಿವೆ.

2025ರ ಸೆಪ್ಟೆಂಬರ್‌ನಲ್ಲಿ ಏನಾಯಿತು ನೆನಪಿರಬಹುದು. ಸರ್ಜಾಪುರ ರಸ್ತೆಯ ವಿಪ್ರೋ ಕ್ಯಾಂಪಸ್ ಒಳಗಿಂದ ಸ್ವಲ್ಪ ವಾಹನ ಬಿಡಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಬಿಟ್ಟರೆ ಆ ಭಾಗದ ಔಟರ್ ರಿಂಗ್ ರೋಡಿನ ದಟ್ಟಣೆ ಸುಮಾರು ಶೇ 30ರಷ್ಟು ಇಳಿಯಬಹುದು ಅಂತ ಅದರಲ್ಲಿತ್ತು. ಅದು ಲಿಸ್ಟೆಡ್ ಕಂಪನಿಯ ಖಾಸಗಿ ಜಾಗ, ವಿಶೇಷ ಆರ್ಥಿಕ ವಲಯದ (ಎಸ್‌ಇಝಡ್) ನಿಯಮಗಳೂ ಇವೆ, ಆಗುವುದಿಲ್ಲ ಅಂತ ಅವರು ಉತ್ತರ ಕೊಟ್ಟರು. ತಜ್ಞರಿಂದ ಅಧ್ಯಯನ ಮಾಡಿಸಿ, ಅದರ ಖರ್ಚಿನ ದೊಡ್ಡ ಪಾಲು ನಾವು ಕೊಡುತ್ತೇವೆ ಅಂತಲೂ ಹೇಳಿದರು. ಯಾರದು ಸರಿ ಅಂತ ನಾನು ವಾದ ಮಾಡುವುದಿಲ್ಲ. ನನಗೆ ಕಂಡಿದ್ದು ಇಷ್ಟು: ಒಂದು ಕ್ಯಾಂಪಸ್ಸಿನ ದಾರಿ ತೆರೆದರೆ ಅಷ್ಟು ದಟ್ಟಣೆ ಇಳಿಯುತ್ತದೆ ಅಂತ ಸರ್ಕಾರವೇ ನಂಬುವುದಾದರೆ, ಆ ಭಾಗದಲ್ಲಿ ಕೂಡು ರಸ್ತೆಗಳು ಎಷ್ಟು ಕಡಿಮೆ ಇರಬೇಕು!

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ, ಅದಕ್ಕೆ 17 ಸಾವಿರ ಕೋಟಿಗೂ ಮೇಲೆ ಅನ್ನುತ್ತಿದ್ದಾರೆ. 2017ರಲ್ಲಿ ಶುರುವಾದ ಈಜಿಪುರ ಫ್ಲೈಓವರ್ ಎಷ್ಟು ವರ್ಷ ಎಳೆಯಿತು ಅಂತ ಎಲ್ಲರಿಗೂ ಗೊತ್ತು. ಸುರಂಗದ ಆ ತುದಿಯಲ್ಲಿ ಮೇಲೆ ಬಂದ ಕಾರು ಕೊನೆಗೆ ಇಳಿಯುವುದು ಇದೇ ರಸ್ತೆಗಳಿಗೆ ತಾನೆ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ನಮ್ಮ ಊರಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅದು ಹೋದ ದೂರದ ಲೆಕ್ಕ. ಮೂರೂವರೆ ಕಿಲೋಮೀಟರ್ ಸುಮ್ನೆ ಸುತ್ತಬೇಕಾದ ನನ್ನಂಥವರ ಲೆಕ್ಕವನ್ನು ಯಾರೂ ಇಡುತ್ತಿಲ್ಲ.

ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ಪಾಲಿಕೆಗಳಾಗಿವೆ. ಪ್ರತಿ ವಾರ್ಡಿನಲ್ಲಿ ಯಾವ ಎರಡು ಬೀದಿಗಳ ನಡುವೆ ಬರೀ ಗೋಡೆ ಅಡ್ಡ ಇದೆ, ಎಲ್ಲಿ ನೂರು ಮೀಟರ್ ಸಿಡಿಪಿ ರಸ್ತೆ ಬಾಕಿ ಇದೆ ಅಂತ ಎಂಜಿನಿಯರುಗಳು ನಡೆದು ಪಟ್ಟಿ ಮಾಡಲಿ. ಮಂಜೂರಾದ ಲೇಔಟಿನಲ್ಲಿ ಪಾಲಿಕೆಗೆ ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕಿ ಕೂತಿದ್ದರೆ ಅದನ್ನು ತೆಗೆಸಲಿ. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲೂ ಹಿಂದಿನ ಗೋಡೆಗೆ ಒಂದು ಗೇಟ್ ಇಡೋಣ ಅಂತ ಕೇಳಿದೆ, ಕಳ್ಳರು ಬರುತ್ತಾರೆ ಅಂದರು. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಒಬ್ಬ ವಾಚ್‌ಮನ್ ಕೂರಿಸಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ ತೆರೆದಿಡುವುದು ಅಷ್ಟೊಂದು ಕಷ್ಟವೇ? ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇನೆ.

ಕಾಲುವೆ ಮುಚ್ಚಿ ರಸ್ತೆ ಮಾಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕರೆತಂದದ್ದನ್ನು ನೋಡಿದ್ದೇವೆ. ನೀರಿಗೆ ಅದರ ಜಾಗ ಬೇಕು. ನಾವು ಕೇಳುತ್ತಿರುವುದು ಆ ಎರಡು ಚಪ್ಪಡಿ ಕಲ್ಲಿನ ಜಾಗದಲ್ಲಿ, ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ, ಎರಡೂ ಬದಿಗೆ ಕಂಬಿ ಇರುವ ಒಂದು ಕಾಲುಸೇತುವೆ. ಸೈಕಲ್ ತಳ್ಳಿಕೊಂಡು ಹೋಗುವಷ್ಟು ಅಗಲ ಇದ್ದರೆ ಸಾಕು, ಮುಂದಿನ ಮಳೆಗಾಲ ಶುರುವಾಗುವ ಮೊದಲು.

– ಒಬ್ಬ ನಿವಾಸಿ, ಹರಳೂರು ರಸ್ತೆ, ಬೆಂಗಳೂರು