ಪುಸ್ತಕದಲ್ಲಿ ಒಂದು ಆಯಿಲ್, ಎಂಜಿನ್ನಿನಲ್ಲಿ ಇನ್ನೊಂದು: ಸರ್ವಿಸ್ ಸೆಂಟರ್ ವಿರುದ್ಧ ದೂರು

ತೀರ್ಥಹಳ್ಳಿ
12-7-2025

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಕಾರು ತಯಾರಿಕಾ ಕಂಪನಿ

ಪ್ರತಿ: ವ್ಯವಸ್ಥಾಪಕರು, ಅಧಿಕೃತ ಸರ್ವಿಸ್ ಸೆಂಟರ್, ಶಿವಮೊಗ್ಗ

ವಿಷಯ: ಬಿಲ್ಲಿನಲ್ಲಿ 0ಡಬ್ಲ್ಯೂ-20 ಎಂದು ಬರೆದು ಬೇರೆ ಆಯಿಲ್ ಹಾಕಿದ್ದು, ಅಳತೆ ಮೀರಿ ತುಂಬಿದ್ದು, ಕೇಳಿದ್ದಕ್ಕೆ ಎಲ್ಲರೆದುರು ಅವಮಾನ ಮಾಡಿದ್ದು.

ಮಾನ್ಯರೇ,

ನಿನ್ನೆ ಸಂಜೆ ನನ್ನ ಮೊಬೈಲಿಗೆ ನಿಮ್ಮ ಕಡೆಯಿಂದ ಮೆಸೇಜ್ ಬಂತು. "ನಿಮ್ಮ ದೂರನ್ನು ಬಗೆಹರಿಸಲಾಗಿದೆ. ಗ್ರಾಹಕರು ತೃಪ್ತರಾಗಿದ್ದಾರೆ." ತೃಪ್ತಳಾಗಿದ್ದೇನೆ ಅಂತ ನಾನು ಯಾರಿಗೂ ಹೇಳಿಲ್ಲ. ನಾಲ್ಕು ವಾರದಲ್ಲಿ ಏಳು ಸಲ ಫೋನ್ ಮಾಡಿದೆ, ಏಳೂ ಸಲ ಮರ್ಯಾದೆಯಿಂದಲೇ ಮಾತಾಡಿದೆ. ಪ್ರತಿ ಸಲ ಬೇರೆಯವರು ಎತ್ತಿಕೊಂಡರು, ಪ್ರತಿಯೊಬ್ಬರಿಗೂ ಮೊದಲಿಂದ ಕಥೆ ಹೇಳಿದೆ, "ಮ್ಯಾನೇಜರ್ ಕೈಲಿ ಮಾತಾಡಿಸ್ತೀವಿ" ಅಂದರು. ಯಾವ ಮ್ಯಾನೇಜರೂ ಮಾತಾಡಲಿಲ್ಲ. ಈಗ ನನ್ನ ಬಾಯಿಂದ ನಾನು ಆಡದ ಮಾತನ್ನು ನೀವೇ ಆಡಿಸಿಬಿಟ್ಟಿದ್ದೀರಿ. ಅದಕ್ಕೇ ಈ ಪತ್ರ.

ನನ್ನದು 2022ರ ಜೂನ್‌ನಲ್ಲಿ ತೆಗೆದುಕೊಂಡ 1.2 ಲೀಟರ್ ಪೆಟ್ರೋಲ್ ಕಾರು. ಅದಕ್ಕೆ ಎಂಥ ಆಯಿಲ್ ಹಾಕಬೇಕು, ಎಷ್ಟು, ಯಾವಾಗ ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಗಾಡಿಯ ಜೊತೆ ನೀವೇ ಕೊಟ್ಟ ಪುಸ್ತಕದಲ್ಲಿ ಇದೆ. ಗ್ರೇಡ್ 0ಡಬ್ಲ್ಯೂ-20, ಅಂದರೆ ತೆಳುವಾಗಿ ಹರಿಯುವ ಆಯಿಲ್. ಗುಣಮಟ್ಟ ಎಪಿಐ ಎಸ್‌ಎನ್ ಅಥವಾ ಅದಕ್ಕಿಂತ ಮೇಲಿನದು. ಫಿಲ್ಟರ್ ಬದಲಾಯಿಸಿದಾಗ 3.3 ಲೀಟರ್. 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಗಾಡಿ ಹೆಚ್ಚಾಗಿ ಸಣ್ಣ ದೂರಕ್ಕೇ ಓಡುತ್ತಿದ್ದರೆ, ಧೂಳಿನ ರಸ್ತೆಯಾಗಿದ್ದರೆ, 5,000 ಕಿಲೋಮೀಟರ್ ಅಥವಾ 6 ತಿಂಗಳು.

ಆ ಸಣ್ಣ ಅಕ್ಷರದ ಸಾಲು ನನಗಾಗಿಯೇ ಬರೆದ ಹಾಗಿದೆ. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ. ಹೀಗೆ ಓಡುವ ಗಾಡಿಯಲ್ಲಿ ಉರಿಯದೆ ಉಳಿದ ಪೆಟ್ರೋಲು, ನೀರಾವಿ ಎರಡೂ ಆಯಿಲ್ ಚೇಂಬರಿಗೆ ಇಳಿಯುತ್ತವೆ. ಆಯಿಲ್ ತುಂಬ ಹೊತ್ತು ಬಿಸಿಯಾಗಿದ್ದರೆ ಮಾತ್ರ ಅವು ಆವಿಯಾಗಿ ಹೋಗುತ್ತವೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗೆ ನೋಡಿ, ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೆನೆ ಅಂಟಿಕೊಂಡಿರುತ್ತದೆ. ಆ ಕೆನೆ ನೋಡಿಯೇ ನಾನು 2024ರ ಡಿಸೆಂಬರ್‌ನಲ್ಲಿ ಆರು ತಿಂಗಳಾಯಿತೆಂದು ಶಿವಮೊಗ್ಗಕ್ಕೆ ಬಂದೆ. ನಿಮ್ಮವರು ಮೀಟರ್ ನೋಡಿ, "ಇನ್ನೂ 2,150 ಕಿಲೋಮೀಟರ್ ಅಷ್ಟೇ ಓಡಿದೆ, ಈಗ ಬೇಡ ಮೇಡಂ" ಅಂತ ವಾಪಸ್ ಕಳಿಸಿದರು. ಪುಸ್ತಕದ ಸಾಲು ತೋರಿಸಿದರೆ "ಅದೆಲ್ಲ ಟ್ಯಾಕ್ಸಿಯವರಿಗೆ" ಅಂದರು. ಹೋಗಿ ಬರುವುದಕ್ಕೆ 120 ಕಿಲೋಮೀಟರ್. ಆವತ್ತು ಸುಮ್ಮನೆ ಬಂದೆ.

ನನಗೆ ಆಯಿಲ್ ವಿಚಾರ ತಿಳಿದದ್ದು ನನ್ನ ಅಪ್ಪನಿಂದ. ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಹಳೇ ಬನಿಯನ್ ಹರಿದು ಚೌಕ ಮಾಡಿಟ್ಟುಕೊಳ್ಳುತ್ತಿದ್ದರು. ಗಾಡಿ ಸಮತಟ್ಟಾದ ಕಡೆ ನಿಲ್ಲಬೇಕು, ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಕಾಯಬೇಕು, ಆಯಿಲ್ ಮಟ್ಟ ಅಳೆಯುವ ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಅದ್ದಿ, ಎರಡನೇ ಸಲ ಎಳೆದದ್ದನ್ನೇ ನೋಡಬೇಕು. ಇದು ನನಗೆ ಹನ್ನೆರಡನೇ ವಯಸ್ಸಿನಲ್ಲಿ ಕಲಿಸಿದ್ದು. ಆಯಿಲ್ ಕಪ್ಪಾಯಿತು ಅಂದರೆ ಕೆಟ್ಟಿತು ಅಂತಲ್ಲ ಮಗಾ, ಎಂಜಿನ್ನಿನ ಕೊಳೆಯನ್ನು ತಾನು ಹಿಡಿದಿಟ್ಟುಕೊಂಡಿದೆ ಅಂತ ಅರ್ಥ, ಅನ್ನುತ್ತಿದ್ದರು. ಕೊಳೆ ಬಿಡಿಸುವ, ಅದನ್ನು ತಳಕ್ಕೆ ಕೂರಲು ಬಿಡದ ಪದಾರ್ಥಗಳು ಇವತ್ತಿನ ಆಯಿಲ್‌ಗಳಲ್ಲಿ ಬೆರೆತೇ ಬರುತ್ತವೆ. ಅಪ್ಪ ಈಗಿಲ್ಲ. ಅವರ ಕೆಲಸದ ಮೇಲಿನ ಗೌರವದಿಂದಲೂ ನಾನು ಈ ಪತ್ರ ಬರೆಯುತ್ತಿದ್ದೇನೆ.

ಈಗ ಜೂನ್ 14, ಶನಿವಾರದ ವಿಷಯ. ಸಿ.ಎಲ್. ಹಾಕಿ ಬಂದಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಗಾಡಿ ಬಿಟ್ಟೆ. ಜಾಬ್ ಕಾರ್ಡಿನಲ್ಲಿ ಆಯಿಲ್, ಫಿಲ್ಟರ್, ಸಾಮಾನ್ಯ ತಪಾಸಣೆ ಇಷ್ಟಕ್ಕೇ ಸಹಿ ಮಾಡಿದ್ದು. ಕಾಯುವ ಕೋಣೆಯ ಗಾಜಿನಿಂದ ನನ್ನ ಗಾಡಿ ಕಾಣುತ್ತಿತ್ತು. ಒಬ್ಬ ಹುಡುಗ ಮೂಲೆಯ ಬ್ಯಾರೆಲ್‌ನಿಂದ ಜಗ್ಗಿನಲ್ಲಿ ಹಿಡಿದು ತಂದು ಸುರಿದ. ಮತ್ತೊಂದು ಸಲ ಹೋಗಿ ಹಿಡಿದು ತಂದ. ಸುರಿಯುವಾಗ ಅದು ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಇಳಿಯುತ್ತಿತ್ತು. 0ಡಬ್ಲ್ಯೂ-20 ಹಾಗೆ ಇಳಿಯುವುದಿಲ್ಲ.

ಹನ್ನೆರಡೂವರೆಗೆ ಬಿಲ್ ಬಂತು. ಫುಲ್ ಸಿಂಥೆಟಿಕ್ 0ಡಬ್ಲ್ಯೂ-20, 4 ಲೀಟರ್, 2,880 ರೂಪಾಯಿ. ಎಂಜಿನ್ ಫ್ಲಶ್ 450. ಆಯಿಲ್ ಟ್ರೀಟ್‌ಮೆಂಟ್ 590. ಕೊನೆಯ ಎರಡನ್ನು ನಾನು ಕೇಳಿಯೇ ಇರಲಿಲ್ಲ. ಕೌಂಟರಿಗೆ ಹೋದೆ. ನಿಮ್ಮ ಸರ್ವಿಸ್ ಅಡ್ವೈಸರ್ ಜೊತೆ ನಡೆದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. ಮನೆಗೆ ಬಂದ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

"ಪುಸ್ತಕದಲ್ಲಿ 3.3 ಲೀಟರ್ ಅಂತಿದೆ, ಬಿಲ್ಲಿನಲ್ಲಿ 4 ಯಾಕೆ?" ಅಂತ ಕೇಳಿದೆ.

"ವೇಸ್ಟೇಜ್ ಬರುತ್ತೆ ಮೇಡಂ."

"ಮುಕ್ಕಾಲು ಲೀಟರ್ ವೇಸ್ಟೇಜಾ? ಫ್ಲಶ್ ಯಾರನ್ನ ಕೇಳಿ ಮಾಡಿದ್ರಿ?"

"ಆಯಿಲ್ ಫುಲ್ ಕಪ್ಪಾಗಿತ್ತು. ಮಾಡದೇ ಇದ್ರೆ ಎಂಜಿನ್ ಹೋಗುತ್ತೆ."

"ಹಾಕಿದ ಆಯಿಲ್‌ನ ಖಾಲಿ ಡಬ್ಬ ತೋರಿಸಿ."

"ಡಬ್ಬ ಇರಲ್ಲ. ಲೂಸ್ ಬರೋದು."

"ಆ ಬ್ಯಾರೆಲ್ ಮೇಲೆ ಯಾವ ಗ್ರೇಡ್ ಬರೆದಿದೆ ನೋಡಬೇಕು."

ಆಗ ಅವರು ಪೆನ್ನು ಕೆಳಗಿಟ್ಟರು. "ಮೇಡಂ, ನೀವೇನ್ ಕೆಲ್ಸ ಮಾಡೋದು?"

"ಹೈಸ್ಕೂಲ್ ಟೀಚರ್."

"ಯಾವ ಸಬ್ಜೆಕ್ಟು?"

"ಕನ್ನಡ."

ಅವರು ನಕ್ಕರು. ಪಕ್ಕದ ಕಂಪ್ಯೂಟರಿನಲ್ಲಿದ್ದ ಹುಡುಗನ ಕಡೆ ತಿರುಗಿ, "ಕನ್ನಡ ಮೇಡಂ ಅಂತೆ ಕಣೋ" ಅಂದರು. ಅವನೂ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೋಡಿ, ಈ ಜೀರೋ ಡಬ್ಲ್ಯೂ ಎಲ್ಲಾ ಚಳಿ ದೇಶದವರಿಗೆ. ನಮ್ಮ ಸೆಕೆಗೆ ಅದು ನೀರಾಗಿಬಿಡುತ್ತೆ. ನಿಮ್ಮ ಗಾಡಿ ಒಳ್ಳೇದಕ್ಕೇ ಟ್ವೆಂಟಿ ಫಿಫ್ಟಿ ಹಾಕ್ಸಿದೀನಿ" ಅಂದರು. ಟ್ವೆಂಟಿ ಫಿಫ್ಟಿ ಅಂದರೆ 20ಡಬ್ಲ್ಯೂ-50, ದಪ್ಪ ಆಯಿಲ್.

ನಾನು ಪುಸ್ತಕ ತೆರೆದು ಆ ಪುಟ ತೋರಿಸಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಓದದೆ, ತೆರೆದ ಪುಟದ ಮೇಲೆಯೇ ತಮ್ಮ ಟೀ ಲೋಟ ಇಟ್ಟರು. ಇಟ್ಟು ಹೇಳಿದರು: "ಮನೇಲಿ ಸಾರ್ ಇದಾರಲ್ವಾ? ಫೋನ್ ಹಚ್ಚಿ ಕೊಡಿ. ಗಂಡಸ್ರಿಗಾದ್ರೆ ಬೇಗ ಅರ್ಥ ಆಗುತ್ತೆ."

"ಗಾಡಿಯ ಆರ್‌ಸಿ ನನ್ನ ಹೆಸರಿನಲ್ಲಿದೆ. ಸಾಲ ಕಟ್ಟುತ್ತಿರುವುದು ನನ್ನ ಸಂಬಳದಿಂದ. ನನಗೇ ಹೇಳಿ" ಅಂದೆ. ನನ್ನ ದನಿ ನಡುಗಿತು. ಅದು ನನಗೇ ಕೇಳಿಸಿತು.

"ದನಿ ಏರಿಸ್ಬೇಡಿ ಮೇಡಂ, ಇದು ನಿಮ್ಮ ಕ್ಲಾಸ್ ರೂಮ್ ಅಲ್ಲ."

ಹಿಂದಿನ ಬೆಂಚಿನಲ್ಲಿ ಐದಾರು ಜನ ಇದ್ದರು. ಅವರಲ್ಲೊಬ್ಬರು ನನ್ನ ಒಂಬತ್ತನೇ ತರಗತಿಯ ಹುಡುಗಿಯ ತಂದೆ. ನಾನು ತಿರುಗಿ ನೋಡಿದಾಗ ಅವರು ತಲೆ ತಗ್ಗಿಸಿಕೊಂಡು ಮೊಬೈಲ್ ನೋಡುತ್ತಿದ್ದರು. ನಾನು ದುಡ್ಡು ಕಟ್ಟಿ ಹೊರಗೆ ಬಂದೆ. ಗಾಜನೂರಿನವರೆಗೆ ಅಳು ತಡೆದುಕೊಂಡೆ. ಅಲ್ಲಿ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪುಸ್ತಕ ಓದಿದ್ದಕ್ಕೆ ನನ್ನನ್ನು ಯಾರೂ ಹೀಗೆ ಕಂಡಿರಲಿಲ್ಲ. ಅದೂ ನೀವೇ ಅಚ್ಚು ಹಾಕಿಸಿದ ಪುಸ್ತಕ.

ನಿಮ್ಮ ಅಡ್ವೈಸರ್ ಹೇಳಿದ್ದು ತಪ್ಪು, ಯಾಕೆ ಅಂತ ದಾಖಲೆಗಾಗಿ ಬರೆಯುತ್ತೇನೆ. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಅದರ ನಂತರ ಬರುವ ಅಂಕಿ ಎಂಜಿನ್ ಬಿಸಿಯಾದ ಮೇಲಿನ ದಪ್ಪಕ್ಕೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಗ್ರೇಡ್ 6.9ರಿಂದ 9.3 ಸೆಂಟಿಸ್ಟೋಕ್ (ಆಯಿಲ್ ದಪ್ಪ ಅಳೆಯುವ ಮಾನ) ಒಳಗಿರಬೇಕು. 50 ಗ್ರೇಡ್ 16.3ರಿಂದ 21.9ರ ಒಳಗೆ. ಅಂದರೆ ಹೆಚ್ಚು ಕಡಿಮೆ ಎರಡು ಪಟ್ಟು ದಪ್ಪ. ಊರಿನಲ್ಲಿ ಎಷ್ಟೇ ಸೆಕೆಯಿರಲಿ, ಬಿಸಿಯಾದ ಎಂಜಿನ್ನಿನ ಒಳಗಿನ ಶಾಖದ ಮುಂದೆ ಅದು ಲೆಕ್ಕಕ್ಕಿಲ್ಲ. ಬೇರಿಂಗುಗಳ ಸಂದು, ಆಯಿಲ್ ಪಂಪು, ವಾಲ್ವ್ ಟೈಮಿಂಗ್ ಬದಲಿಸುವ ಸಣ್ಣ ಸಣ್ಣ ಆಯಿಲ್ ದಾರಿಗಳು ಎಲ್ಲವನ್ನೂ ನಿಮ್ಮ ಎಂಜಿನಿಯರುಗಳು 20ಕ್ಕೆ ಲೆಕ್ಕ ಹಾಕಿ ಮಾಡಿದ್ದಾರೆ. ಆ ಎಂಜಿನಿಯರುಗಳ ಮಾತನ್ನು ನಾನು ನಂಬಿದೆ, ನಿಮ್ಮ ಸರ್ವಿಸ್ ಸೆಂಟರ್ ನಂಬಲಿಲ್ಲ. ಒಂದು ವೇಳೆ ದಪ್ಪದ್ದೇ ಒಳ್ಳೆಯದು ಅಂತ ಅವರ ನಂಬಿಕೆಯಾಗಿದ್ದರೆ ಬಿಲ್ಲಿನಲ್ಲೂ ಅದನ್ನೇ ಬರೆದು ಅದರ ರೇಟು ತೆಗೆದುಕೊಳ್ಳಬೇಕಿತ್ತು. ಅಗ್ಗದ್ದನ್ನು ಸುರಿದು ದುಬಾರಿಯದರ ದುಡ್ಡು ತೆಗೆದುಕೊಂಡರೆ ಅದಕ್ಕೆ ಕನ್ನಡದಲ್ಲಿ ಮೋಸ ಅನ್ನುತ್ತಾರೆ.

ಮಾರನೇ ಬೆಳಿಗ್ಗೆ ಅಂಗಳದಲ್ಲಿ ಅಪ್ಪ ಹೇಳಿಕೊಟ್ಟ ಹಾಗೆ ಕಡ್ಡಿ ನೋಡಿದೆ. ಆಯಿಲ್ ಮೇಲಿನ ಗುರುತು ದಾಟಿ ಒಂದು ಬೆರಳಿನಷ್ಟು ಮೇಲಿತ್ತು. ವೇಸ್ಟೇಜ್ ಅಂದರಲ್ಲ, ಅದು ಎಂಜಿನ್ನಿನ ಒಳಗೇ ಇತ್ತು. ಇಷ್ಟು ತುಂಬಿದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬಂದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಫೋನ್ ಮಾಡಿದರೆ, "ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಮೇಡಂ" ಅಂದರು. ಮೂರನೇ ದಿನ ಇಲ್ಲೇ ಪರಿಚಯದ ಗ್ಯಾರೇಜಿನಲ್ಲಿ ಇಳಿಸಿದೆ. ಅಳತೆಯ ಕ್ಯಾನಿನಲ್ಲಿ ಹಿಡಿದರೆ 3.9 ಲೀಟರ್. ನನ್ನೆದುರೇ ಸೀಲ್ ಒಡೆದ 3.5 ಲೀಟರ್ ಡಬ್ಬದಿಂದ 0ಡಬ್ಲ್ಯೂ-20 ಹಾಕಿದರು, 3.3 ಲೀಟರಿಗೆ ಕಡ್ಡಿಯ ಮೇಲಿನ ಗುರುತು ಮುಟ್ಟಿತು. ಉಳಿದದ್ದನ್ನು ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು.

ಮನೆಯಲ್ಲಿ ಹಳೆಯ ಸ್ಲೇಟೊಂದಿತ್ತು. ಅದರ ಮೇಲಂಚಿನಲ್ಲಿ ಡಬ್ಬದ ಆಯಿಲ್ ಒಂದು ಹನಿ, ನಿಮ್ಮವರು ಹಾಕಿದ ಆಯಿಲ್ ಒಂದು ಹನಿ ಬಿಟ್ಟು ಗೋಡೆಗೆ ಓರೆಯಾಗಿ ಇಟ್ಟೆ. ಡಬ್ಬದ ಹನಿ ಕೆಳಗಿನ ಕಟ್ಟು ಮುಟ್ಟಿದಾಗ ನಿಮ್ಮ ಹನಿ ಅರ್ಧ ದಾರಿಯನ್ನೂ ದಾಟಿರಲಿಲ್ಲ. ನನ್ನ ಮಗ ವಿಡಿಯೊ ಮಾಡಿದ್ದಾನೆ.

ಇದನ್ನೂ ಫೋನಿನಲ್ಲಿ ಹೇಳಿದೆ. ಬಂದ ಉತ್ತರ: "ಹೊರಗಡೆ ಆಯಿಲ್ ಹಾಕ್ಸಿದೀರಾ? ಹಾಗಾದ್ರೆ ವಾರಂಟಿ ಹೋಯ್ತು." ಪುಸ್ತಕದಲ್ಲಿ ಹೇಳಿದ ಆಯಿಲ್ ಹಾಕಿದ್ದಕ್ಕೆ ವಾರಂಟಿ ಹೋಗುತ್ತದೆ, ಹೇಳದ ಆಯಿಲ್ ಹಾಕಿದವರಿಗೆ ಏನೂ ಆಗುವುದಿಲ್ಲ, ಇದು ಯಾವ ನ್ಯಾಯ? ಡಿಸೆಂಬರ್‌ನಲ್ಲಿ ಆರು ತಿಂಗಳಿಗೆ ಬದಲಾಯಿಸುವುದು ಬೇಡ ಅಂದವರೇ ಜೂನ್‌ನಲ್ಲಿ ಗಾಜಿನ ಮೇಲೆ "ಮುಂದಿನ ಆಯಿಲ್ 5,000 ಕಿ.ಮೀ." ಅಂತ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದಾರೆ. ತಿಂಗಳ ಲೆಕ್ಕವೇ ಅದರಲ್ಲಿಲ್ಲ. ಆ ಸ್ಟಿಕ್ಕರ್ ನಂಬಿದರೆ ನನ್ನ ಗಾಡಿ ಒಂದು ವರ್ಷ ದಾಟಿಯೂ ಅದೇ ಆಯಿಲ್‌ನಲ್ಲಿ ಓಡಬೇಕು. ನಿಮ್ಮ ಕೌಂಟರಿನಲ್ಲಿ ಯಾರಿಗೂ ನಿಮ್ಮ ನಿಯಮ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಆವತ್ತಿಗೆ ಲಾಭ ಕಂಡದ್ದನ್ನು ಹೇಳುತ್ತಾರೆ.

ನನ್ನ ಬೇಡಿಕೆ: ಆಯಿಲ್, ಫ್ಲಶ್, ಟ್ರೀಟ್‌ಮೆಂಟ್ ಸೇರಿ 3,920 ರೂಪಾಯಿ ವಾಪಸ್. ಗ್ಯಾರೇಜಿನಲ್ಲಿ ನಾನು ಖರ್ಚು ಮಾಡಿದ 2,650. ಮೂರು ದಿನ ನನ್ನ ಎಂಜಿನ್ ತಪ್ಪು ಆಯಿಲ್‌ನಲ್ಲಿ, ಅಳತೆ ಮೀರಿ ಓಡಿದೆ ಅನ್ನುವುದು ಸರ್ವಿಸ್ ದಾಖಲೆಯಲ್ಲಿ ನಿಮ್ಮ ಸಹಿಯೊಂದಿಗೆ ಬರಬೇಕು, ವಾರಂಟಿ ಮುಂದುವರಿಯುತ್ತದೆಂದು ಲಿಖಿತವಾಗಿ ಕೊಡಬೇಕು. ಆ ಅಡ್ವೈಸರ್ ಕ್ಷಮೆ ಕೇಳಬೇಕು, ನನ್ನ ಗಂಡನ ಹತ್ತಿರ ಅಲ್ಲ, ನನ್ನ ಹತ್ತಿರ.

ಹದಿನೈದು ದಿನ ಕಾಯುತ್ತೇನೆ. ಜುಲೈ 27ರೊಳಗೆ ಲಿಖಿತ ಉತ್ತರ ಬರದಿದ್ದರೆ ಜುಲೈ 28ರ ಬೆಳಿಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ. ಅದರ ಹಿಂದೆಯೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ, ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎರಡರ ಮೇಲೂ. ನಾನು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ನಾನೇ ನಿಂತು ವಾದಿಸುತ್ತೇನೆ, ಕನ್ನಡದಲ್ಲಿ.

ನಿಮ್ಮ ಆಯಿಲ್ ಒಂದು ಲೀಟರ್ ಶುಚಿಯಾದ ಬಾಟಲಿಯಲ್ಲಿದೆ. ಇಳಿಸಿದ ದಿನವೇ ಗ್ಯಾರೇಜಿನವರ ಮತ್ತು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಮುಚ್ಚಳಕ್ಕೆ ಅರಗು ಒತ್ತಿಸಿದ್ದೇನೆ. ಅದು ನನ್ನ ಬೀರುವಿನಲ್ಲಿದೆ. ಪ್ರಯೋಗಾಲಯದಲ್ಲಿ 100 ಡಿಗ್ರಿಯ ಒಂದೇ ಪರೀಕ್ಷೆ ಸಾಕು: 9.3ರ ಒಳಗೋ, 16.3ರ ಆಚೆಯೋ. ಆಯೋಗದ ಮುಂದೆ ಆ ಬಾಟಲಿಯನ್ನು ನಾನೇ ತಂದಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ಕನ್ನಡ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ತೀರ್ಥಹಳ್ಳಿ ತಾಲೂಕು

ಲಗತ್ತು: ಬಿಲ್, ಜಾಬ್ ಕಾರ್ಡ್, ಗ್ಯಾರೇಜಿನ ರಸೀದಿ, ಕಡ್ಡಿಯ ಫೋಟೊ, ಟೀ ಲೋಟದ ಕಲೆಯಿರುವ ಪುಟದ ಫೋಟೊ.